ಮೂರು ನಿಮಿಷ ಹನ್ನೆರಡನೇ ಸೆಕೆಂಡು

ಐವತ್ತು ತಾಸಿನ ತರಬೇತಿ, ಮೂವತ್ತೊಂದು ಮುಗಿದಿದೆ.
ಹಸಿರು ಗೆರೆ ಅರ್ಧ ದಾಟಿ ನಿಂತಿದೆ,
ಮಂಗೋರ ಗುಡ್ಡದ ಏರಿನಲ್ಲಿ ಏದುಸಿರು ಬಿಡುವ ಬಸ್ಸಿನ ಹಾಗೆ.
ರಾತ್ರಿ ಹತ್ತು. ಕುಕ್ಕರಿಗೆ ಫೋನು ಆನಿಸಿಟ್ಟು
ಚಪಾತಿ ಲಟ್ಟಿಸುತ್ತ ಕೇಳುತ್ತೇನೆ:
ಬಿಳಿ ಗೋಡೆಯ ಮುಂದೆ ನಿಂತ ಹುಡುಗಿಯೊಬ್ಬಳು,
ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವಳಿರಬೇಕು,
ಪಾಠ ಹೇಳುವುದು ಹೇಗೆಂದು ನನಗೆ ಹೇಳುತ್ತಿದ್ದಾಳೆ.
"ಇಲ್ಲಿ ವಿಡಿಯೊ ನಿಲ್ಲಿಸಿ, ಯೋಚಿಸಿ."
ಅವಳು ಹೇಳುವ ಮೊದಲೇ ಅದು ನಿಂತಿರುತ್ತದೆ.
ವಾಸ್ಕೋದ ನೆಟ್‌ವರ್ಕು ನನಗಿಂತ ವಿಧೇಯ ವಿದ್ಯಾರ್ಥಿ.

ಇಪ್ಪತ್ತಾರು ವರ್ಷ ಈ ಕನ್ನಡ ಶಾಲೆಯ
ಕರಿಹಲಗೆಗೆ ಮುಖ ಕೊಟ್ಟು ಬರೆದವಳು ನಾನು.
ಬಂದರಿನ ಕಲ್ಲಿದ್ದಲ ಪುಡಿ ಕಿಟಕಿಯಿಂದ ಬಂದು
ಮಧ್ಯಾಹ್ನದೊಳಗೆ ನನ್ನ ಅಕ್ಷರಗಳಿಗೆ ಕಾಡಿಗೆ ತೀಡುತ್ತದೆ.
ಪಾಸ್‌ವರ್ಡಿಗೆ ಎಂಟಕ್ಷರ ಬೇಕಂತೆ, ಒಂದು ಅಂಕಿ, ಒಂದು ಚಿಹ್ನೆ.
ಪಕ್ಕದ ಶಾಲೆಯ ಜಾಸಿಂತಾ ಟೀಚರು ಹಾಕಿಕೊಟ್ಟಳು;
ಅವಳ ಬೆಕ್ಕಿನ ಹೆಸರು ಹೇಳಿ ದಿನಾ ಒಳಗೆ ಹೋಗುತ್ತೇನೆ.

ಹದಿನಾಲ್ಕನೇ ಘಟಕ: ನಿಮ್ಮ ತರಗತಿಯ ಐದು ನಿಮಿಷ
ಚಿತ್ರಿಸಿ ಕಳಿಸಿ. ವಿಷಯ, ಭಿನ್ನರಾಶಿ.
ಮಾದರಿಯಲ್ಲಿ ಪಿಜ್ಜಾ ಇತ್ತು.
ನಾನು ಪೊದೇರನ ಬುಟ್ಟಿಯಿಂದ ಎರಡು ಪೊಯ್ ಕೊಂಡೆ.
ಯಮನೂರ ಫೋನು ಹಿಡಿದ, ಎರಡೂ ಕೈಲಿ,
ತುಂಬಿದ ಕೊಡ ಹಿಡಿದವನ ಹಾಗೆ.
"ಟೀಚರ್ರ, ಒಂದೀಟು ನಗ್ರಿ."
ನಕ್ಕೆ. ಕೊಯ್ದೆ. ಹಲಗೆಗೆ ತಿರುಗಿ ಬರೆದೆ:
ಒಂದು, ಅದರ ಕೆಳಗೆ ಗೆರೆ, ಗೆರೆಯ ಕೆಳಗೆ ಎರಡು.
ಚೆನ್ನಾಗಾಯಿತು ಅನ್ನಿಸಿತು. ಕಳಿಸಿದೆ.

ಮೂರನೇ ದಿನ ಉತ್ತರ: "ಹಿನ್ನೆಲೆ ಸದ್ದು ಹೆಚ್ಚು.
೩:೧೨ರಿಂದ ೩:೨೦ರವರೆಗೆ ಕತ್ತರಿಸಿ ಮತ್ತೆ ಸಲ್ಲಿಸಿ."

ಯಾವ ಸದ್ದು? ಪೊದೇರನ ಸೈಕಲ್ಲಿನ ಪೊಂಯ್ ಪೊಂಯ್ ಇರಬೇಕು,
ಇಲ್ಲವೇ ದಾಬೋಳಿಯಲ್ಲಿ ಇಳಿಯುವ ವಿಮಾನ.
ಮಗಳ ಇಯರ್‌ಫೋನು ಸಿಕ್ಕಿಸಿಕೊಂಡು ಕೂತೆ.
ಮೊದಲು ಕಂಡದ್ದು ನನ್ನ ಬೆನ್ನು.
ಇಷ್ಟು ಅಗಲವೆಂದು ಗೊತ್ತಿರಲಿಲ್ಲ.
ಕಿಟಕಿ ಕಡೆಯ ಎರಡು ಸಾಲಿಗೆ ಹಲಗೆಯೇ ಕಾಣದು;
ಪಾಪ, ನಾಕನೇ ಇಯತ್ತೆ ಪೂರ್ತಿ
ನನ್ನ ಸೀರೆಯ ಅಂಚನ್ನೇ ಓದಿಕೊಂಡಿವೆ.
ಹಾರನ್ನು ಬಂತು, ಹೋಯಿತು. ಅದರ ಹಿಂದೆಯೇ
ಆ ಸಾಲಿನಿಂದ ಹುಲಿಗೆಮ್ಮನ ದನಿ,
ಎದುರಿನ ಬೆಂಚಿಗೆ ಹೇಳಿಕೊಂಡ ಹಾಗೆ:
"ನಮ್ಮನ್ಯಾಗ ಹಂಗ ಸಮ ಮಾಡಂಗಿಲ್ರಿ.
ಅಪ್ಪಂದು ದೊಡ್ಡ ಅರ್ಧ. ಅಣ್ಣಂದು ಸಣ್ಣ ಅರ್ಧ.
ಅವ್ವಂದು ಅರ್ಧಾನ ಅಲ್ಲ."

ಎಂಟು ಸೆಕೆಂಡು.
ನನ್ನ ಕಿವಿ ಸೀಮೆಸುಣ್ಣದ ಕಿರ್ರಿನಲ್ಲಿತ್ತು,
ಫೋನಿನ ಕಿವಿ ತೆರೆದಿತ್ತು.
ಮತ್ತೆ ಹಾಕಿದೆ. ಮತ್ತೆ.
ಒಲೆಯ ಮೇಲೆ ಒಂದು ಚಪಾತಿ ಸೀದುಹೋಯಿತು.

ಪರದೆಯ ಮೂಲೆಯಲ್ಲಿ ಪುಟ್ಟ ಕತ್ತರಿಯ ಚಿತ್ರ.
ಮುಟ್ಟಿದರೆ ಸಾಕು, ಹಸಿರು ಗೆರೆ ಏರು ಹತ್ತೀತು,
ಮಾರ್ಚಿಗೆ ಹೊಸ ವೇತನಶ್ರೇಣಿ ಸಿಕ್ಕೀತು,
ಮಗಳ ಫೀಜು ಕೈಗಡವಿಲ್ಲದೆ ತುಂಬೀತು.
ಹೆಬ್ಬೆರಳೆಲ್ಲ ಹಿಟ್ಟು; ಗಾಜು ಒಪ್ಪಲಿಲ್ಲ.
ಒಪ್ಪದ್ದು ಗಾಜೇ ಎಂದು ಇಟ್ಟುಕೊಳ್ಳೋಣ.

ಬೆಳಿಗ್ಗೆ ಪೊದೇರನನ್ನು ನಿಲ್ಲಿಸಿ ನಾಲ್ಕು ಪೊಯ್ ಕೇಳಿದೆ.
"ಇವತ್ತೂ ಸಿನಿಮಾವಾ ಬಾಯೀ?" ಅಂದ.
ಇಲ್ಲ ಅಂದೆ. ಫೋನು ಚೀಲದ ತಳದಲ್ಲಿತ್ತು.
ಹಲಗೆ ಬಿಟ್ಟು ಕಿಟಕಿ ಸಾಲಿಗೆ ಹೋಗಿ ಕೂತೆ;
ಸಣ್ಣ ಬೆಂಚು, ಮೊಣಕಾಲು ತಾಗಿ ನೋಯಿತು.
ಇಲ್ಲಿಂದ ಗೋಡೆಯ ತೇವ ಕಾಣುತ್ತದೆ, ಒಂದು ಕ್ರೇನು,
ಹಲಗೆಯ ಎಡಗಡೆಯ ಅಂಗೈಯಗಲ ಜಾಗ.
ಹುಲಿಗೆಮ್ಮನ ಕೈಗೆ ಚಾಕು ಕೊಟ್ಟೆ.
"ನಿಮ್ಮನ್ಯಾಗ ಹೆಂಗ ಕೊಯ್ತೀರಿ, ಮೊದಲು ಹಂಗ ಕೊಯ್ಯವ್ವಾ.
ಆಮ್ಯಾಲ ಬರಿಯೂಣು."
ರೊಟ್ಟಿಯನ್ನೊಮ್ಮೆ ತಿರುಗಿಸಿ ನೋಡಿ, ಚಾಕು ಎತ್ತಿ ಹಿಡಿದು
ಅವಳು ಕೇಳಿದಳು:
"ಎಷ್ಟ ಮಂದಿಗ್ರಿ?"